ಕತೆ ಬರೆಯಲಾ, ಮನವಿ ಕೊಡಲಾ?

ಊರಿನ ಸಮಸ್ಯೆಯ ಬಗ್ಗೆ ಕಾದಂಬರಿ ಬರೆಯಲಾ, ಸರ್ಕಾರಕ್ಕೆ ಪ್ರಸ್ತಾವ ಕೊಡಲಾ ಅಂತ ಕೇಳಿದ್ದೀರಿ. ನಿಮಗೆ ಬೇಕಾಗಿರುವುದು ಏನು ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಭೂಮಿಯ ವಿಷಯವನ್ನೇ ನೋಡಿ. ಸ್ವಂತ ಬೇಸಾಯ ಮಾಡಬೇಕು ಅಂತ ಆಸೆಪಟ್ಟ ದಲಿತ ಚೋಮನ ಕತೆ ಹೇಳುವ ಶಿವರಾಮ ಕಾರಂತರ ಕಾದಂಬರಿ 'ಚೋಮನ ದುಡಿ' ಬಂದದ್ದು 1933ರಲ್ಲಿ. ಗೇಣಿದಾರರಿಗೆ ಭೂಮಿ ಕೊಡಿಸಿದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ಬಂದದ್ದು 1974ರಲ್ಲಿ, ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ. ಬೇಗ ಫಲ ಬೇಕು ಅನ್ನುವವರಿಗೆ ಕಾದಂಬರಿ ಆಗಿಬರುವುದಿಲ್ಲ, ಅಲ್ವಾ?

ಆದರೆ ಯಾರು ಕಣ್ಣಿಗೆ ಬೀಳುತ್ತಾರೆ ಅನ್ನುವ ವಿಷಯದಲ್ಲಿ ಕತೆ ಗೆಲ್ಲುತ್ತದೆ. ಗೇಣಿ ಮಾಡುತ್ತಿದ್ದವರು ಆ ಭೂಮಿ ತಮಗೆ ಕೊಡಿ ಎಂದು ಕೇಳುವ ಅರ್ಜಿ, ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಎಷ್ಟೋ ಜನ ಒಡೆಯರಾದರು. ಚೋಮನಿಗೆ ಗೇಣಿಯೇ ಇರಲಿಲ್ಲ, ಅವನು ಜೀತದಾಳು, ಅವನ ಜಾತಿಯವರು ಬೇಸಾಯ ಮಾಡುವುದೇ ತಪ್ಪು ಅನ್ನುತ್ತಿದ್ದ ಕಾಲ ಅದು, ಹಾಗಾಗಿ ಆ ಫಾರಂನಲ್ಲಿ ಅವನ ಹೆಸರು ಬರೆಯಲು ಜಾಗವೇ ಇಲ್ಲ. ಕಾದಂಬರಿಯಲ್ಲಿ ಇಡೀ ಜಾಗ ಅವನದೇ.

ಖರ್ಚು? ಎರಡಕ್ಕೂ ಕಾಗದವೇ. ಮನವಿಗೆ ಓಡಾಟ ಜಾಸ್ತಿ, ಕತೆಗೆ ವರ್ಷಗಳು ಜಾಸ್ತಿ.

ಬೀದಿದೀಪ, ಚರಂಡಿ, ಬಸ್ಸು ಆದರೆ ಸುಮ್ನೆ ಗ್ರಾಮಸಭೆಯಲ್ಲಿ ಬರಹದಲ್ಲಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ. ಕತೆ ಬರೆದರೆ ದೀಪ ಹತ್ತುವುದಿಲ್ಲ. ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟ ಇಡುವಂಥದ್ದಾದರೆ ಕಾನೂನು ಆಗಲೇ ಇದೆ, ದೂರು ಕೊಡಬಹುದು. ಆದರೂ ಮನಸ್ಸು ಬದಲಾಗದೆ ಇದ್ದರೆ ಅಲ್ಲಿ ಕತೆಗೆ ಕೆಲಸ ಇದೆ.