ಡ್ರಿಲ್ ಬೇಡದ ಡಿಶ್ ಸ್ಟ್ಯಾಂಡ್: ಬಾಡಿಗೆ ಮನೆಯವರು ಧೈರ್ಯವಾಗಿ ತಗೊಳ್ಳಿ

ಐದಕ್ಕೆ ನಾಲ್ಕು ಸ್ಟಾರ್. ಟಿವಿಯ ಡಿಶ್ ಆಂಟೆನಾ ಕೂರಿಸುವ ಸ್ಟ್ಯಾಂಡ್ ಇದು, ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಸಣ್ಣ ಅಂಗಡಿಯಲ್ಲಿ ತಗೊಂಡಿದ್ದು. ಕಬ್ಬಿಣದ ಚೌಕಟ್ಟು, ನಡುವೆ ಒಂದು ಪೈಪು, ಮೂಲೆಗಳಲ್ಲಿ ಸಿಮೆಂಟ್ ಬ್ಲಾಕ್ ಇಡೋಕೆ ಜಾಗ, ಅಷ್ಟೇ. ಎಲ್ಲೂ ಒಂದು ತೂತು ಕೊರೆಯಬೇಕಿಲ್ಲ. ಮನೆ ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೇಗೂ ಮುರಿದುಕೊಳ್ಳುತ್ತಾರೆ, ಅದರ ಮೇಲೆ ಗೋಡೆ ತೂತಿನ ಲೆಕ್ಕವನ್ನೂ ಅಡ್ವಾನ್ಸಿನಲ್ಲಿ ಕಳೆದರೆ ಯಾರ ಹತ್ತಿರ ಜಗಳ ಆಡೋದು?

ಬಾಲ್ಕನಿಯಲ್ಲೇ ಇಟ್ಟರೆ ಸಾಕಲ್ವಾ ಅನ್ನಬೇಡಿ. ನಮ್ಮದು ಡಿಡಿ ಫ್ರೀ ಡಿಶ್, ದೂರದರ್ಶನದವರ ಉಚಿತ ಡಿಶ್ ಸೇವೆ. ತಿಂಗಳ ದುಡ್ಡಿಲ್ಲ, ಚಂದನ ಬಂದರೆ ಅಮ್ಮನಿಗೆ ಸಾಕು. ಅದರ ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಬೆಂಗಳೂರಿನಿಂದ ನೋಡಿದರೆ ಅದು ಆಗ್ನೇಯಕ್ಕೆ, ಸುಮಾರು 66 ಡಿಗ್ರಿ ಮೇಲಕ್ಕೆ. ನಿಮ್ಮ ತಲೆ ಮೇಲೆ ಇನ್ನೊಬ್ಬರ ಬಾಲ್ಕನಿ ಇದ್ದರೆ ಸಿಗ್ನಲ್ ಅಲ್ಲೇ ಖಲಾಸ್. ತಾರಸಿಯೇ ಗತಿ, ಮತ್ತೆ ತಾರಸಿ ಅಂದರೆ ಓನರ್.

ಅಮೆರಿಕದಲ್ಲಿ ಇದಕ್ಕೆಂದೇ ಎಫ್‌ಸಿಸಿಯ, ಅಂದರೆ ಅಲ್ಲಿನ ಸಂಪರ್ಕ ಆಯೋಗದ, ಒಂದು ನಿಯಮ ಇದೆ. 1996ರಲ್ಲಿ ಬಂತು, 1999ರಿಂದ ಬಾಡಿಗೆದಾರರಿಗೂ ಅನ್ವಯ. ಒಂದು ಮೀಟರ್ ಒಳಗಿನ ಡಿಶ್ಶನ್ನು ನಿಮ್ಮೊಬ್ಬರದೇ ಬಳಕೆಯ ಬಾಲ್ಕನಿಯಲ್ಲಿ ಇಟ್ಟರೆ ಓನರ್ ಸುಮ್ನೆ ಬೇಡ ಅನ್ನುವಂತಿಲ್ಲ. ಆದರೆ ಎಲ್ಲರೂ ಓಡಾಡುವ ತಾರಸಿಗೆ ಅಲ್ಲೂ ಆ ಹಕ್ಕಿಲ್ಲ, ಹೊರಗೋಡೆ ಕೊರೆಯಬೇಡಿ ಅಂತಲೂ ಓನರ್ ಹೇಳಬಹುದು. ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಇದೆ. ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಓನರ್ ಒಪ್ಪಿಗೆ ಇಲ್ಲದೆ ಕಾಯಂ ಆಗಿ ಏನೂ ಕಟ್ಟುವಂತಿಲ್ಲ, ನೀವು ಹಾಕಿದ್ದನ್ನು ಮನೆ ಬಿಡೋಕೆ ಮೊದಲು ಬಿಚ್ಚಿಕೊಳ್ಳಬಹುದು, ಮನೆ ಮಾತ್ರ ಮೊದಲಿದ್ದ ಹಾಗೇ ಇರಬೇಕು. ಈ ಸ್ಟ್ಯಾಂಡ್ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ನಮ್ಮ ಓನರ್ ಆಂಟಿಗೆ ಕಾನೂನು ಗೀನೂನು ಏನೂ ಹೇಳಲಿಲ್ಲ. ಸ್ಟ್ಯಾಂಡನ್ನು ತಾರಸಿಗೆ ತಂದು ತೋರಿಸಿದೆ. "ಸ್ಲ್ಯಾಬಿಗೆ ಮೊಳೆ ಹೊಡೆಯಲ್ಲ ತಾನೆ? ವಾಟರ್‌ಪ್ರೂಫಿಂಗ್ ಈಗಷ್ಟೇ ಮಾಡಿಸಿದ್ದೀವಿ" ಅಂದರು. "ಇಲ್ಲ ಆಂಟಿ, ಸುಮ್ನೆ ಇಡೋದಷ್ಟೇ" ಅಂದೆ. ಬಗ್ಗಿ ಒಂದು ಬ್ಲಾಕ್ ಎತ್ತಿ ನೋಡಿ, ಬಟ್ಟೆ ಒಣಗಿಸುವ ತಂತಿಯಿಂದ ದೂರ ಇಡಿ ಅಂದರು. ಅದೇ ಮಾತನ್ನು ವಾಟ್ಸಾಪಿನಲ್ಲೂ ಹಾಕಿ, ಅವರಿಂದ "ಸರಿ" ಅಂತ ಉತ್ತರ ತರಿಸಿಕೊಂಡೆ. ನೀವೂ ಹಾಗೇ ಮಾಡಿ. ನಾಳೆ ಅವರ ಮಗ ಬಂದು ಕೇಳಿದರೆ ತೋರಿಸೋಕಾದರೂ ಬೇಕಲ್ಲ.

ಒಂದು ಸ್ಟಾರ್ ಯಾಕೆ ಕಳೆದೆ ಅಂದರೆ, ಕೊಟ್ಟಿರುವ ಬೋಲ್ಟುಗಳು ಮೊದಲ ಮಳೆಗೇ ತುಕ್ಕು ಹಿಡಿದವು. ಸ್ಟೀಲಿನವು ಬೇರೆ ತಗೊಳ್ಳಿ. ಕಾಲುಗಳ ಕೆಳಗೆ ರಬ್ಬರ್ ಇಲ್ಲ, ಹಾಗೇ ಇಟ್ಟರೆ ಆಂಟಿಯ ವಾಟರ್‌ಪ್ರೂಫಿಂಗ್ ಕೆರೆದುಹೋಗುತ್ತದೆ. ನಾನು ಹಳೇ ಟ್ಯೂಬ್ ಕತ್ತರಿಸಿ ಹಾಕಿದ್ದೇನೆ. ಮೇ ತಿಂಗಳ ಗಾಳಿಮಳೆಗೆ ಸ್ಟ್ಯಾಂಡ್ ಅಲ್ಲಾಡಲಿಲ್ಲ, ಆದರೆ ಬ್ಲಾಕಿನಲ್ಲಿ ಕಂಜೂಸಿ ಮಾಡಬೇಡಿ. ಕಿಟಕಿ ಸಂದಿಯಲ್ಲಿ ತೂರಿಸೋಕೆ ಚಪ್ಪಟೆ ಕೇಬಲ್ ತುಂಡು ಸಿಗುತ್ತದೆ, ಅದನ್ನೂ ಅಲ್ಲೇ ಕೇಳಿ.

ಗಾಳಿಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಸಂಡಿಗೆ. ಬಿಸಿಲು ಬೀಳುವ ಜಾಗ ಬೇಕು ಅಂತ ಯಾರೋ ಬ್ಲಾಕ್ ಸಮೇತ ಸ್ಟ್ಯಾಂಡನ್ನು ಒಂದು ಗೇಣು ಸರಿಸಿದ್ದರು, ಕೆಳಗೆ ಟಿವಿಯಲ್ಲಿ ಸಿಗ್ನಲ್ ಕ್ವಾಲಿಟಿ ಸೊನ್ನೆ. ಡಿಶ್ ಹೊಂದಿಸಿದ ತಕ್ಷಣ ನಾಲ್ಕೂ ಕಾಲಿನ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದಿಡಿ, ವಾಪಸ್ ಅಲ್ಲೇ ಕೂರಿಸೋಕೆ ಮೆಕ್ಯಾನಿಕ್ ಬೇಕಾಗುವುದಿಲ್ಲ.