ದೋಟಿ ಫೈಟರ್‌ಗೆ ಯಾವ ಖರ್ಚು ಇಡೋದು? ಮೂರು ಥರ ಆಡ್ಸಿ ನೋಡಿದ್ದು

ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ಡೈಸ್ ಎಸೆದು ಕಥೆ ಆಡೋ ಆಟ) ಆಟದಲ್ಲಿ ನಮ್ಮ ಫೈಟರ್‌ಗೆ ಒಂದು ವಿಶೇಷ ಹೊಡೆತ ಮಾಡಿದ್ವಿ, ಅದನ್ನ ಬಳಸೋಕೆ ಏನು ಬೆಲೆ ಇಡೋದು ಅನ್ನೋದೇ ಪ್ರಶ್ನೆ. ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಹಿಟ್ ಡೈಸ್‌ಗೆ (ಗಾಯ ವಾಸಿ ಮಾಡ್ಕೊಳ್ಳೋಕೆ ಇರೋ ಡೈಸ್). ಶಾರ್ಟ್ ರೆಸ್ಟ್ (ಒಂದು ಗಂಟೆ ವಿಶ್ರಾಂತಿ) ಲೆಕ್ಕ ಎರಡ್ನೇದು, ರೀಚಾರ್ಜ್ ರೋಲ್ (ಡೈಸ್ ಸರಿಯಾಗಿ ಬಿದ್ರೆ ಮಾತ್ರ ಮತ್ತೆ ಬಳಸೋದು) ಮಾತ್ರ ಪ್ಲೇಯರ್ ಕೈಗೆ ಕೊಡ್ಬೇಡಿ.

ನಾವು ಶಿವಮೊಗ್ಗದಲ್ಲಿ ಭಾನುವಾರ ಕೂತು ಆಡೋದು ಡಿ ಅಂಡ್ ಡಿ ಐದನೇ ಎಡಿಷನ್, 2014ರ ರೂಲ್ಸು, ಡಿಎಂ, ಅಂದ್ರೆ ಆಟ ನಡೆಸೋನು, ನಾನೇ. ಕಥೆ ನಡೆಯೋದು ಕೆಳದಿ ಚೆನ್ನಮ್ಮ ಶಿವಾಜಿ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯ ಈ ಕಡೆ ತಿರುಗಿದ ಕಾಲದಲ್ಲಿ, ಕವಲೇದುರ್ಗದ ಸುತ್ತಮುತ್ತಲ ಕಾಡಲ್ಲಿ, ಜೊತೆಗೆ ನಾವೇ ಸೇರಿಸ್ಕೊಂಡ ಒಂದಿಷ್ಟು ಭೂತ ಪ್ರೇತ. ಅದ್ರಲ್ಲಿ ನಮ್ಮ ಫೈಟರ್ ಅಡಿಕೆ ತೋಟದ ಹುಡುಗ, ಕೈಲಿರೋದು ದೋಟಿ, ಅಂದ್ರೆ ಅಡಿಕೆ ಕೊಯ್ಯೋ ಉದ್ದ ಗಳ, ತುದೀಲಿ ಕತ್ತಿ, ಆಟದ ಲೆಕ್ಕದಲ್ಲಿ 10 ಅಡಿ ರೀಚ್. ಅವ್ನಿಗೆ ಅಂತ ಮಾಡಿದ ಅಬಿಲಿಟಿ 'ಕೊನೆಕೊಯ್ಲು': ಹೊಡೆತ ತಾಗಿದ್ಮೇಲೆ ಬೇಕಾದ್ರೆ ಒಂದು ಡೈಸ್ ಡ್ಯಾಮೇಜ್ ಜಾಸ್ತಿ ಹಾಕ್ಬೋದು, ಎದುರಾಳಿ ಸ್ಟ್ರೆಂತ್ ಸೇವ್ (ಡೈಸ್ ಎಸೆದು ತಪ್ಪಿಸ್ಕೊಳ್ಳೋದು) ಮಾಡ್ಬೇಕು, ಇಲ್ಲಾಂದ್ರೆ ಪ್ರೋನ್, ಅಂದ್ರೆ ನೆಲಕ್ಕೆ. ಐದನೇ ಲೆವೆಲ್, ಸ್ಟ್ರೆಂತ್ 18, ಹಂಗಾಗಿ ಸೇವ್ ಡಿಸಿ (ಎದುರಾಳಿ ಎಸೆತ ಮುಟ್ಬೇಕಾದ ಸಂಖ್ಯೆ) ಮೂಲ 8 + ಪ್ರೊಫಿಷಿಯೆನ್ಸಿ ಬೋನಸ್ (ಲೆವೆಲ್ ಏರಿದಂಗೆ ಏರೋದು) 3 + ಸ್ಟ್ರೆಂತ್ ಬೋನಸ್ 4, ಒಟ್ಟು 15. ಮೂರೂ ಸಲ ಅಬಿಲಿಟಿ ಹೆಚ್ಚುಕಮ್ಮಿ ಇದೇ, ಬದಲಾಗಿದ್ದು ಅದಕ್ಕೆ ತೆರೋ ಬೆಲೆ.

ಮೊದ್ಲು ಶಾರ್ಟ್ ರೆಸ್ಟ್. ಬ್ಯಾಟಲ್ ಮಾಸ್ಟರ್ ಅನ್ನೋ ಬಗೆಯ ಫೈಟರ್‌ಗೆ ಇರೋ ಥರಾನೇ ನಾಲ್ಕು ಡಿ8 (ಎಂಟು ಮುಖದ ಡೈಸ್), ಒಂದು ಗಂಟೆ ಕೂತು ಸುಧಾರಿಸ್ಕೊಂಡ್ರೆ ಎಲ್ಲಾ ವಾಪಸ್. ಲೆಕ್ಕ ಸುಲಭ, ಹೊಸಬ್ರಿಗೂ ತಕ್ಷಣ ಅರ್ಥ ಆಗುತ್ತೆ. ಆದ್ರೆ ಇದು ದಿನಕ್ಕೆ ತುಂಬಾ ಫೈಟ್ ಆಗೋ ಆಟಕ್ಕೆ ಅಂತ ಮಾಡಿದ್ದು, 2014ರ ಡಿಎಂ ಪುಸ್ತಕದಲ್ಲಿ ಒಂದು ದಿನಕ್ಕೆ 6ರಿಂದ 8 ಎನ್‌ಕೌಂಟರ್ ಅಂತ ಇದೆ, ನಮ್ದು ಒಂದು ಭಾನುವಾರಕ್ಕೆ ಒಂದು ಫೈಟ್ ಆದ್ರೆ ಹೆಚ್ಚು. ಐದನೇ ಲೆವೆಲ್ ಫೈಟರ್‌ಗೆ ಒಂದು ಟರ್ನ್‌ಗೆ ಎರಡು ಏಟು, ಎರಡು ರೌಂಡಲ್ಲಿ ನಾಲ್ಕೂ ಡೈಸ್ ಖಾಲಿ, ಅಷ್ಟರಲ್ಲಿ ನಾನು ಕಷ್ಟಪಟ್ಟು ಬರೆದ ಶತ್ರು ಸರದಾರ ನೆಲ ಕಚ್ಚಿರ್ತಾನೆ. ಇನ್ನೊಂದು, ಬೆನ್ನಿಗೆ ಸೈನ್ಯ ಬಿದ್ದಿರುವಾಗ ಕಾಡಲ್ಲಿ ಒಂದು ಗಂಟೆ ಕೂರೋದು ಕಥೆಗೆ ಕೂರೋದೇ ಇಲ್ಲ.

ರೀಚಾರ್ಜ್ ಅಂದ್ರೆ ಡ್ರ್ಯಾಗನ್ ಬೆಂಕಿ ಉಗುಳೋಕೆ ಇರೋ ರೂಲು. ಒಂದ್ಸಲ ಬಳಸಿದ್ಮೇಲೆ ಪ್ರತಿ ಟರ್ನ್ ಶುರುವಲ್ಲಿ ಡಿ6 ಎಸೀಬೇಕು, 5 ಅಥವಾ 6 ಬಿದ್ರೆ ವಾಪಸ್. ಕೇಳೋಕೆ ಮಜಾ ಇದೆ. ಆದ್ರೆ ನಾಲ್ಕು ರೌಂಡಿನ ಫೈಟಲ್ಲಿ ಮೊದಲ ರೌಂಡಲ್ಲೇ ಬಳಸಿದ್ರೆ ಆಮೇಲೆ ಸಿಗೋದು ಮೂರೇ ಎಸೆತ, ಮೂರೂ ಕೈಕೊಡೋ ಸಾಧ್ಯತೆ 27ರಲ್ಲಿ 8, ಹತ್ತಿರ ಹತ್ತಿರ 30 ಪರ್ಸೆಂಟ್. ವಾರಪೂರ್ತಿ ಕಾದು ಬಂದವ್ನು ತನ್ನ ಕ್ಯಾರೆಕ್ಟರಿನ ಮುಖ್ಯ ವಿದ್ಯೆ ಒಂದೇ ಸಲ ತೋರಿಸಿ ಮನೆಗೆ ಹೋಗೋದು ನಂಗೆ ಸಂಕಟ ಆಗುತ್ತೆ. ಅದೇ ರೂಲು ಬಾಸ್‌ಗೆ ಇಡಿ, ಡಿಎಂ ಡೈಸ್ ಎಸೆಯುವಾಗ ಟೇಬಲ್ಲೇ ಸೈಲೆಂಟ್ ಆಗುತ್ತೆ, ಅಲ್ಲಿ ಅದಕ್ಕೆ ಸರಿಸಾಟಿ ಇಲ್ಲ.

ಈಗ ಹಿಟ್ ಡೈಸ್. ಐದನೇ ಲೆವೆಲ್ ಫೈಟರ್ ಹತ್ರ ಐದು ಡಿ10 ಇರುತ್ತೆ, ಶಾರ್ಟ್ ರೆಸ್ಟಲ್ಲಿ ಗಾಯ ವಾಸಿ ಮಾಡ್ಕೊಳ್ಳೋಕೆ. ಆ ಡೈಸನ್ನೇ ಕೊನೆಕೊಯ್ಲಿಗೆ ಖರ್ಚು ಮಾಡು ಅಂದೆ. ಡ್ಯಾಮೇಜ್ ಸರಾಸರಿ 5.5 ಸಿಗುತ್ತೆ, ಬದಲಿಗೆ ಅದೇ 5.5 ಜೊತೆ ಕಾನ್‌ಸ್ಟಿಟ್ಯೂಷನ್ ಬೋನಸ್ ಸೇರಿ ಬರ್ಬೇಕಿದ್ದ ಆರೈಕೆ ಹೋಗುತ್ತೆ. ಲಾಂಗ್ ರೆಸ್ಟಲ್ಲೂ (ರಾತ್ರಿ ಪೂರ್ತಿ ವಿಶ್ರಾಂತಿ) ವಾಪಸ್ ಬರೋದು ಅರ್ಧ ಮಾತ್ರ, ಐದಕ್ಕೆ ಎರಡು. ಅಂದ್ರೆ ಇವತ್ತು ಬೀಸಿದ್ದು ನಾಳೆಗೂ ತಟ್ಟುತ್ತೆ, ಒಂದೇ ಫೈಟ್ ಇದ್ರೂ ಕೈ ಬಿಗಿ ಹಿಡೀತಾರೆ.

ಕೋಟೆ ಬಾಗಿಲ ಫೈಟಲ್ಲಿ ಇದು ಚೆನ್ನಾಗಿ ಕಾಣ್ತು. ಫೈಟರ್ 9 ಹೆಚ್‌ಪೀಲಿದ್ದ (ಮಿಕ್ಕಿರೋ ಜೀವದ ಲೆಕ್ಕ), ಹಿಟ್ ಡೈಸ್ ಒಂದೇ ಬಾಕಿ, ಏಟು ತಾಗಿದೆ, ಹುಡುಗ ಡೈಸ್ ಕೈಲಿ ಹಿಡ್ಕೊಂಡು ಕೂತ್ಬಿಟ್ಟ. ಪಕ್ಕದಲ್ಲಿ ರೋಗ್ (ಕಳ್ಳನಂಥ ಪಾತ್ರ) ಆಡೋನು 'ಹಾಕೋ ಮಾರಾಯ, ಅವ್ನು ಬಿದ್ರೆ ಮಿಕ್ಕಿದ್ದು ನಾನ್ ನೋಡ್ಕೋತೀನಿ' ಅಂದ. ಎಸೆದ, 8 ಬಿತ್ತು, ಸರದಾರನ ಸೇವ್ ಹೋಯ್ತು, ನೆಲಕ್ಕೆ. 5 ಅಡಿ ಒಳಗಿದ್ದ ರೋಗ್‌ಗೆ ಅಡ್ವಾಂಟೇಜ್ (ಎರಡು ಸಲ ಎಸೆದು ದೊಡ್ಡದನ್ನ ತಗೊಳ್ಳೋದು), ಮೇಲೆ ಸ್ನೀಕ್ ಅಟ್ಯಾಕ್ ಅಂತ ಮೂರು ಡಿ6 ಹೆಚ್ಚಿನ ಡ್ಯಾಮೇಜ್. ಬೇರೆ ಎರಡು ರೀತೀಲೂ ಇಂಥ ಒಂದು ನಿರ್ಧಾರ ನಾನು ನೋಡ್ಲಿಲ್ಲ.

ಯಾವ ಖರ್ಚು ಇಟ್ರೂ ಒಂದು ಗಮನ್ಸಿ, ಪ್ರೋನ್ ಆದವ್ನ ಮೇಲೆ ಅಡ್ವಾಂಟೇಜ್ ಸಿಗೋದು 5 ಅಡಿ ಒಳಗಿಂದ ಹೊಡೆದ್ರೆ ಮಾತ್ರ, ಅದಕ್ಕಿಂತ ದೂರದಿಂದ ಡಿಸ್‌ಅಡ್ವಾಂಟೇಜ್ (ಚಿಕ್ಕದನ್ನ ತಗೊಳ್ಳೋದು). 10 ಅಡಿಯಿಂದ ಬೀಳಿಸಿದ ದೋಟಿ ಫೈಟರ್‌ಗೇ ಎರಡ್ನೇ ಏಟು ಕಷ್ಟ, ಬಿಲ್ಲು ಹಿಡಿದವ್ರಿಗೂ ಅಷ್ಟೇ. ಅದಕ್ಕೆ ಬೀಳಿಸಿದ ತಕ್ಷಣ 5 ಅಡಿ ಮುಂದೆ ಜಾರೋಕೆ ಬಿಟ್ಟಿದೀನಿ, ಮೂವ್‌ಮೆಂಟ್ ಖರ್ಚಿಲ್ದೆ. 2024ರ ರೂಲ್ಸ್ ಆಡೋರಿಗೆ ಲಾಂಗ್ ರೆಸ್ಟಲ್ಲಿ ಹಿಟ್ ಡೈಸ್ ಪೂರ್ತಿ ವಾಪಸ್ ಬರುತ್ತೆ, ಅಲ್ಲಿ ಇದು ಅಗ್ಗ ಆಗ್ಬಿಡುತ್ತೆ, ಒಂದು ಲಾಂಗ್ ರೆಸ್ಟಿಗೆ ಪ್ರೊಫಿಷಿಯೆನ್ಸಿ ಬೋನಸ್ ಎಷ್ಟಿದ್ಯೋ ಅಷ್ಟೇ ಸಲ ಅಂತ ಒಂದು ಕಟ್ಟು ಹಾಕಿ.