ಮೇ ತಿಂಗಳಲ್ಲಿ ಎದೆಗೆ ವೈರು: ಕಲಬುರಗಿಯ ಒಂದು ಸೆಂಟರಿನಲ್ಲಿ ನನ್ನ ಹೋಲ್ಟರ್ ಟೆಸ್ಟ್

ಮೊದಲೇ ಹೇಳಿಬಿಡುತ್ತೇನೆ. ಹೋಲ್ಟರ್, ಅಂದರೆ ಎದೆಬಡಿತವನ್ನು ಇಡೀ ದಿನ ಬರೆದುಕೊಳ್ಳುವ ಮಷೀನು, ಹಾಕಿಸಿಕೊಳ್ಳಿ ಅಂತ ಡಾಕ್ಟರ್ ಹೇಳಿದ್ದರೆ, ಅವಸರ ಇಲ್ಲ ಅಂತಲೂ ಅವರೇ ಹೇಳಿದ್ದರೆ, ಕಲಬುರಗಿಯಲ್ಲಿ ಮೇ ತಿಂಗಳು ಮಾತ್ರ ಬೇಡ. ನಾನು ದಾಲ್‌ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಡಿಸೆಂಬರ್‌ನಿಂದ ಹೊಸ ತೊಗರಿ ಬರಲು ಶುರುವಾದರೆ ಮೂರು ತಿಂಗಳು ರಜೆ ಕೇಳುವ ಹಾಗಿಲ್ಲ, ಹಾಗಾಗಿ ನನಗೆ ಬಿಡುವು ಸಿಕ್ಕಿದ್ದು ನೆತ್ತಿ ಸುಡುವ ಮೇ ತಿಂಗಳಲ್ಲೇ.

ತೊಂದರೆ ಏನು ಅಂದರೆ, ಆರು ತಿಂಗಳಿಂದ ಎದೆ ಧಸಕ್ ಅನ್ನುತ್ತಿತ್ತು. ಹಗಲು ಮಿಲ್ಲಿನ ಸದ್ದಿನಲ್ಲಿ ಏನೂ ಗೊತ್ತಾಗುವುದಿಲ್ಲ. ರಾತ್ರಿ ಎಡಮಗ್ಗುಲಿಗೆ ಮಲಗಿದೆನೋ, ಶುರು. ಬಡಿತ ತನ್ನಷ್ಟಕ್ಕೆ ಹೋಗುತ್ತಿರುತ್ತದೆ, ನಡುವೆ ಒಂದು ತಪ್ಪುತ್ತದೆ, ಆಮೇಲೆ ಒಳಗಿನಿಂದ ಯಾರೋ ಗುದ್ದಿದ ಹಾಗೆ ಒಂದು ಜೋರು ಏಟು. ಮಿಲ್ಲಿನಲ್ಲಿ ಬೆಲ್ಟು ಒಮ್ಮೆ ಜಾರಿ ಮತ್ತೆ ಹಿಡಿದುಕೊಳ್ಳುತ್ತದಲ್ಲ, ಥೇಟ್ ಹಾಗೆ. ಬೆಲ್ಟು ಜಾರಿದರೆ ಮಿಸ್ತ್ರಿಯನ್ನು ಕರೆಯುತ್ತೇವೆ. ಇದಕ್ಕೆ ರಾತ್ರಿ ಒಂದು ಗಂಟೆಗೆ ಯಾರನ್ನು ಕರೆಯುವುದು? ಎದ್ದು ಕೂತು ಕೈ ನಾಡಿ ಹಿಡಿದುಕೊಂಡು ಎಣಿಸುವುದು, ಹೆಂಡತಿಯ ನಿದ್ದೆಯನ್ನೂ ಕೆಡಿಸುವುದು, ಇದೇ ಆಗಿತ್ತು. 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದರಲ್ಲ, 46ನೇ ವಯಸ್ಸಿಗೆ, ಅವತ್ತಿನಿಂದ ನಮ್ಮ ವಯಸ್ಸಿನ ಗಂಡಸರಿಗೆ ಎದೆ ಮೇಲೆ ಸೊಳ್ಳೆ ಕಚ್ಚಿದರೂ ಭಯ. ನನಗೀಗ 44.

ನಡುವೆ ಬೆಂಗಳೂರಿನ ಭಾವಮೈದುನ ಇಸಿಜಿ ಬರುವ ಕೈಗಡಿಯಾರ ತಂದುಕೊಟ್ಟ. ಒಳ್ಳೆ ಮನಸ್ಸಿನಿಂದಲೇ ಕೊಟ್ಟ, ಪಾಪ. ಅದರ ಗುಂಡಿ ಮೇಲೆ ಬೆರಳಿಟ್ಟರೆ 30 ಸೆಕೆಂಡಿನ ಗೆರೆ ಬರೆಯುತ್ತದೆ. ಮುಖ್ಯವಾಗಿ ಅದು ಹುಡುಕುವುದು ಎಟ್ರಿಯಲ್ ಫಿಬ್ರಿಲೇಷನ್ ಅನ್ನುವ ಕಾಯಿಲೆಯನ್ನು, ಅಂದರೆ ಬಡಿತ ಪೂರ್ತಿ ತಾಳ ತಪ್ಪಿ ಓಡುವುದು, ಪಾರ್ಶ್ವವಾಯುವಿನ ಅಪಾಯ ಇರುವುದು ಅದರಲ್ಲಿ. ಹಾರ್ಟ್ ಅಟ್ಯಾಕ್ ಹಿಡಿಯುವ ಶಕ್ತಿ ಅದಕ್ಕಿಲ್ಲ. ಇದೆಲ್ಲ ಓದಿ ತಿಳಿದ ಮೇಲೂ ನಾನು ರಾತ್ರಿ ಇಪ್ಪತ್ತು ಸಲ ಬೆರಳಿಟ್ಟು ನೋಡುತ್ತಿದ್ದೆ. ಹತ್ತೊಂಬತ್ತು ಸಲ ಸರಿ ಇದೆ ಅನ್ನುತ್ತಿತ್ತು, ಒಂದು ಸಲ ‘ನಿರ್ಧರಿಸಲು ಆಗಲಿಲ್ಲ’ ಅನ್ನುತ್ತಿತ್ತು. ಆ ಒಂದಕ್ಕೆ ಬೆಳಗಿನ ತನಕ ಜಾಗರಣೆ.

ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನಿಂಗ್), ಥೈರಾಯ್ಡ್, ರಕ್ತ, ಎಲ್ಲ ಆಯಿತು, ಎಲ್ಲ ನಾರ್ಮಲ್. ಆಸ್ಪತ್ರೆಯ ಇಸಿಜಿ ಬರೆಯುವುದು ಸುಮಾರು ಹತ್ತು ಸೆಕೆಂಡು, ಆ ಹತ್ತು ಸೆಕೆಂಡಿನಲ್ಲೇ ಎದೆ ತಪ್ಪಬೇಕು ಅಂದರೆ ಹೇಗೆ? ಅದಕ್ಕೇ 24 ಗಂಟೆ ಮೈಮೇಲೆ ಮಷೀನು ಕಟ್ಟುವ ಹೋಲ್ಟರ್ ಬರೆದುಕೊಟ್ಟರು. ನಮ್ಮೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲೇ ವಿಚಾರಿಸಬಹುದಿತ್ತು. 2024ರ ಡಿಸೆಂಬರ್‌ನಲ್ಲಿ ಹೊಸ ಕಟ್ಟಡ ಶುರುವಾಗಿದೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಅಂತ 371 ಹಾಸಿಗೆ. ಹೃದಯದ ತೊಂದರೆ ಅಂದರೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡುತ್ತಿದ್ದ ನಮ್ಮ ಜಿಲ್ಲೆಗೆ ಅದು ದೊಡ್ಡ ಮಾತು. ನಾನು ಮನೆಗೆ ಹತ್ತಿರ ಅಂತ ಒಂದು ಖಾಸಗಿ ಸೆಂಟರಿಗೆ ಹೋದೆ. ಅದರ ಹೆಸರು ಬೇಡ, ಮುಂದೆ ಸ್ವಲ್ಪ ಬೈಯುವುದಿದೆ.

ಮೊದಲ ಬೈಗುಳ: ಸೆಂಟರ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಎದೆ ತೋರಿಸಲು ಬಂದವರು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಬರುತ್ತಾರೆ. ಟೆಸ್ಟಿಗೆ ರೂ. 2,200, ಮಷೀನಿನ ಮೇಲೆ ರೂ. 2,000 ಠೇವಣಿ ಬೇರೆ. ಠೇವಣಿಯ ವಿಷಯ ಫೋನಿನಲ್ಲಿ ಹೇಳಿರಲಿಲ್ಲ, ಹೋದ ಮೇಲೆ ಹೇಳಿದರು.

ಆದರೆ ಮಷೀನು ಹಚ್ಚುವ ಹುಡುಗ ಚಿನ್ನದಂಥವನು. ಎದೆ ಮೇಲಿನ ಕೂದಲು ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಐದು ಕಡೆ ಅಂಟುಪಟ್ಟಿ ಹಚ್ಚಿ, ವೈರುಗಳನ್ನು ನೀಟಾಗಿ ಸುತ್ತಿ ಟೇಪ್ ಹಾಕಿದ. ಮಷೀನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಸೊಂಟದ ಚೀಲದಲ್ಲಿ ಕೂರುತ್ತದೆ. “ಹೆದರಬ್ಯಾಡ್ರಿ ಸರ, ಇದು ಬರೀ ಬರಕೊಳ್ತದ, ಕರೆಂಟ್ ಏನ್ ಹೊಡಿಯಂಗಿಲ್ಲ. ದಿನಾ ಏನ್ ಮಾಡ್ತೀರಿ ಅದೇ ಮಾಡ್ರಿ, ಸ್ನಾನ ಒಂದ್ ಬ್ಯಾಡ” ಅಂದ. ನಾನು ಕೇಳದಿದ್ದರೂ ಇಷ್ಟೆಲ್ಲ ಹೇಳಿದ್ದು ಅವನೊಬ್ಬನೇ. (1940ರ ದಶಕದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಅನ್ನುವವರು ಮಾಡಿದ ಮೊದಲ ಮಷೀನನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಿತ್ತಂತೆ, ತೂಕ ಸುಮಾರು 38 ಕೆಜಿ. ನಮ್ಮ ಮಿಲ್ಲಿನ ಹಮಾಲರೇ ಆಗಬೇಕಿತ್ತು ಅದಕ್ಕೆ.)

ಜೊತೆಗೆ ಒಂದು ಹಾಳೆ ಕೊಡುತ್ತಾರೆ. ಎದೆ ಧಸಕ್ ಅಂದಾಗ ಗಂಟೆ ಎಷ್ಟು, ಆಗ ಏನು ಮಾಡುತ್ತಿದ್ದಿರಿ ಅಂತ ಅದರಲ್ಲಿ ಬರೆಯಬೇಕು. ಹಾಳೆ ಪೂರ್ತಿ ಇಂಗ್ಲಿಷ್. ನನ್ನ ಪಕ್ಕ ಜೇವರ್ಗಿ ಕಡೆಯ ಒಬ್ಬ ಅಜ್ಜಿ ಕೂತಿದ್ದರು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ಅದರಲ್ಲಿ ಏನು ಬರೆಯಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಲು ಎಷ್ಟು ಖರ್ಚು ಹೇಳಿ?

ಸೆಂಟರಿನಿಂದ ಶೇರ್ ಆಟೋ ಹತ್ತಿ ಮಿಲ್ಲಿಗೆ ಹೋದೆ. ಅಂಗಿ ಗುಂಡಿಗಳ ನಡುವೆ ವೈರು ಇಣುಕುತ್ತಿತ್ತು. “ಏನ್ರಿ ಸರ, ಎದಿಗಿ ಚಾರ್ಜರ್ ಹಚ್ಚೀರಿ?” ಅಂತ ಹಮಾಲರು ನಕ್ಕರು, ನಾನೂ ನಕ್ಕೆ. ಮಧ್ಯಾಹ್ನದ ಹೊತ್ತಿಗೆ ನಗು ಹೋಯಿತು. ಹೊರಗೆ 42 ಡಿಗ್ರಿ, ಆಫೀಸಿನ ಕೂಲರ್ ಬಿಸಿ ಗಾಳಿಯನ್ನೇ ಊದುತ್ತಿತ್ತು, ಅಂಟುಪಟ್ಟಿಯ ಕೆಳಗೆ ಬೆವರು ನಿಂತು ತುರಿಕೆ ಅಂದರೆ ತುರಿಕೆ, ಕೆರೆಯುವಂತಿಲ್ಲ. ಮೂರು ಗಂಟೆಗೆ ಎರಡು ಪಟ್ಟಿ ಕಿತ್ತು ಬಂದವು. ಸೆಂಟರಿಗೆ ಫೋನ್ ಮಾಡಿದರೆ ಕೌಂಟರಿನವರು “ಇಲ್ಲಿಗೇ ಬನ್ನಿ” ಅಂದು ಇಟ್ಟುಬಿಟ್ಟರು. ಮತ್ತೆ ಮಾಡಿದಾಗ ಪುಣ್ಯಕ್ಕೆ ಆ ಹುಡುಗನೇ ಎತ್ತಿದ. ಯಾವ ಬಣ್ಣದ ವೈರು ಎಲ್ಲಿಗೆ ಅಂತ ಹೇಳಿಕೊಟ್ಟ. ಮೆಡಿಕಲ್ ಶಾಪಿನಿಂದ ಟೇಪ್ ತರಿಸಿ ಅಂಟಿಸುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ ಹೋಗಿತ್ತು. ಬೇಸಿಗೆಯಲ್ಲಿ ಎರಡು ಪಟ್ಟಿ, ಒಂದು ಟೇಪು ಜಾಸ್ತಿ ಕೊಟ್ಟು ಕಳಿಸಬೇಕು ಅನ್ನುವುದು ಈ ಊರಿನಲ್ಲಿ ಮಷೀನು ಇಟ್ಟವರಿಗೆ ಗೊತ್ತಿರಬೇಡವಾ?

ರಾತ್ರಿ ಅವ್ವ ಜೋಳದ ರೊಟ್ಟಿ ಬಡಿಯುತ್ತಾ ನಾಲ್ಕು ಸಲ ಕೇಳಿದಳು, “ಈಗ ಹೆಂಗದ ತಮ್ಮಾ?” ಅಂತ. ಚೆನ್ನಾಗೇ ಇತ್ತು. ಮಷೀನು ಕಟ್ಟಿದ ದಿನ ಎದೆ ಬಲು ಸಾಧು. ಇಡೀ ದಿನಕ್ಕೆ ನಾನು ಹಾಳೆಯಲ್ಲಿ ಬರೆದದ್ದು ಆರೇ ಆರು. ಲಾರಿಯವನ ಜೊತೆ ಬಾಡಿಗೆ ಜಗಳ ಒಂದು, ಐದನೇ ಚಹಾ ಒಂದು, ಉಳಿದ ನಾಲ್ಕು ಮಲಗಿದ ಮೇಲೆ. ದುಡ್ಡು ದಂಡ ಅಂದುಕೊಂಡೆ.

ಮರುದಿನ ಮಷೀನು ವಾಪಸ್ ಕೊಟ್ಟೆ, ಸಂಜೆ ವರದಿ ತೆಗೆದುಕೊಳ್ಳಲು ಹೋದೆ. ಈ ಸೆಂಟರಿನ ನಿಜವಾದ ತಪ್ಪು ಇರುವುದು ಇಲ್ಲಿ. ಲಕೋಟೆಯನ್ನು ಕೌಂಟರಿನ ಮೇಲೆ ತಳ್ಳಿದರು, ಒಂದು ಮಾತಿಲ್ಲ. ಮೆಟ್ಟಿಲ ಮೇಲೆ ಕೂತು ತೆರೆದು ನೋಡಿದೆ. ಒಟ್ಟು ಬಡಿತ 98,640. ಅದರಲ್ಲಿ ತಪ್ಪಿದವು 1,143.

ಸಾವಿರದ ನೂರಾ ನಲವತ್ತಮೂರು! ನನ್ನ ಖಾತೆಯಲ್ಲಿ ಆರು, ಅವರ ಖಾತೆಯಲ್ಲಿ 1,143. ಇಪ್ಪತ್ತು ವರ್ಷ ಲೆಕ್ಕ ಬರೆದಿದ್ದೇನೆ, ಇಷ್ಟು ದೊಡ್ಡ ಫರಕು ನೋಡಿಲ್ಲ. ಅಲ್ಲೇ ಕೂತು ಮೊಬೈಲಿನಲ್ಲಿ ಹುಡುಕಿದೆ, ಹುಡುಕಬಾರದಿತ್ತು. ಡಾಕ್ಟರ್ ಸಿಕ್ಕಿದ್ದು ಮೂರು ದಿನದ ಮೇಲೆ. ಆ ಮೂರು ದಿನ ಊಟ ರುಚಿಸಲಿಲ್ಲ, ಮಗನ ಮೇಲೆ ಸುಮ್ನೆ ರೇಗಿದೆ, ಬೈಕ್ ಇನ್ಶೂರೆನ್ಸ್ ಕಾಗದ ಎಲ್ಲಿದೆ ಅಂತ ಹೆಂಡತಿಗೆ ತೋರಿಸಿಯೂ ಇಟ್ಟೆ.

ಡಾಕ್ಟರ್ ವರದಿ ನೋಡಿ ನಕ್ಕರು. ಲೆಕ್ಕದವರಲ್ವಾ, ನೂರಕ್ಕೆ ಎಷ್ಟು ಅಂತ ನೀವೇ ಮಾಡಿ ಅಂದರು. ಮಾಡಿದೆ, ಒಂದಕ್ಕಿಂತ ಸ್ವಲ್ಪ ಜಾಸ್ತಿ. ನೂರಕ್ಕೆ ಹತ್ತು ದಾಟಿ ಅದು ಬಹಳ ಕಾಲ ಹಾಗೇ ಇದ್ದರೆ ಹೃದಯ ಸುಸ್ತಾಗಬಹುದು, ಆಗ ವಿಚಾರ ಮಾಡಬೇಕು, ನಿಮ್ಮ ಎಕೋ ಚೆನ್ನಾಗಿದೆ ಅಂದರು. ಬಡಿತ ‘ತಪ್ಪುವುದು’ ಅಂತ ನಾವು ಅನ್ನುವುದು ನಿಜವಾಗಿ ಬೇಗ ಬಂದುಬಿಟ್ಟ ಬಡಿತವಂತೆ. ಅದು ಸಣ್ಣದು, ಗೊತ್ತೇ ಆಗುವುದಿಲ್ಲ. ಅದರ ಹಿಂದೆ ಸ್ವಲ್ಪ ಹೆಚ್ಚು ಬಿಡುವು, ಆ ಬಿಡುವಿನಲ್ಲಿ ಹೃದಯಕ್ಕೆ ರಕ್ತ ಜಾಸ್ತಿ ತುಂಬಿಕೊಳ್ಳುತ್ತದೆ, ಅದನ್ನು ತಳ್ಳುವ ಮುಂದಿನ ಬಡಿತವೇ ಆ ಗುದ್ದು. ಅಂದರೆ ನಾನು ಆರು ತಿಂಗಳು ಹೆದರಿದ್ದು ಹೃದಯ ಸರಿಯಾಗಿ ಕೆಲಸ ಮಾಡಿದ ಬಡಿತಕ್ಕೆ.

ಇನ್ನೊಂದು ಮಾತು ಹೇಳಿದರು, ಅದು ತಲೆಯಲ್ಲಿ ಕೂತುಬಿಟ್ಟಿದೆ. ನಾನು ಬರೆದ ಆರರಲ್ಲಿ ಎರಡು ಹೊತ್ತಿಗೆ ಗೆರೆಯಲ್ಲಿ ಏನೂ ತಪ್ಪಿರಲಿಲ್ಲ, ಶುದ್ಧ ನಾರ್ಮಲ್. ಸಾವಿರ ಸಲ ತಪ್ಪಿದಾಗ ನನಗೆ ಗೊತ್ತಾಗಲಿಲ್ಲ, ತಪ್ಪದೇ ಇದ್ದಾಗ ಎದ್ದು ಕೂತಿದ್ದೆ.

ಮಾತ್ರೆ ಕೊಡಲಿಲ್ಲ. ಬಹಳ ಕಿರಿಕಿರಿ ಆದರೆ ಕೊಡಬಹುದು, ಈಗ ಬೇಡ ಅಂದರು. ದಿನಕ್ಕೆ ಎಂಟು ಚಹಾ ಇತ್ತು, ಮೂರಕ್ಕೆ ಇಳಿಸಿದ್ದೇನೆ. ತಲೆ ತಿರುಗಿ ಬಿದ್ದರೆ, ಕೆಲಸ ಮಾಡುವಾಗ ಎದೆ ನೋವು ಬಂದರೆ, ಉಸಿರು ಹತ್ತದಿದ್ದರೆ ಹೋಲ್ಟರ್ ಪಾಲ್ಟರ್ ಅಂತ ಕೂರದೆ ತಕ್ಷಣ ಆಸ್ಪತ್ರೆಗೆ ಬರಬೇಕು ಅಂತಲೂ ಹೇಳಿದ್ದಾರೆ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ ಅಂತ ಎರಡು ಸಲ ಕೇಳಿದರು. ನಿಮ್ಮಲ್ಲಿ ಇದ್ದರೆ ಅದನ್ನು ಮೊದಲೇ ಹೇಳಿ.

ಟೆಸ್ಟಿಗೆ ಐದಕ್ಕೆ ಐದು. ಮಷೀನು ಹಚ್ಚಿದ ಹುಡುಗನಿಗೂ ಐದು. ಸೆಂಟರಿಗೆ ಎರಡೂವರೆ, ಅದೂ ಠೇವಣಿ ಪೂರ್ತಿ ವಾಪಸ್ ಬಂತು ಅಂತ. ಕೈಗಡಿಯಾರ ಈಗ ಮಗನ ಕೈಯಲ್ಲಿದೆ, ಎಷ್ಟು ಹೆಜ್ಜೆ ನಡೆದೆ ಅಂತ ಎಣಿಸುತ್ತಾನೆ. ಹೋಗುವವರು ಮುಂದೆ ಗುಂಡಿ ಇರುವ ಸಡಿಲ ಹತ್ತಿ ಅಂಗಿ ಹಾಕಿಕೊಳ್ಳಿ, ಅವತ್ತು ಬೆಳಗ್ಗೆ ಚೆನ್ನಾಗಿ ಸ್ನಾನ ಮಾಡಿ, ಎದೆಗೆ ಎಣ್ಣೆ ಪೌಡರ್ ಬೇಡ. ಜಾಸ್ತಿ ಪಟ್ಟಿ ಕೇಳಿ ಇಸಿದುಕೊಳ್ಳಿ.

ಒಂದು ವರ್ಷ ಬಿಟ್ಟು ಇನ್ನೊಮ್ಮೆ ಹಾಕಿಸೋಣ ಅಂದಿದ್ದಾರೆ. ಶ್ರಾವಣದಲ್ಲಿ ಹಾಕಿಸುತ್ತೇನೆ, ಆ ಹುಡುಗ ಇದ್ದರೆ ಅದೇ ಸೆಂಟರಿನಲ್ಲಿ. ವರದಿ ತರಲು ಮಾತ್ರ ಹೆಂಡತಿಯನ್ನು ಕಳಿಸುತ್ತೇನೆ. ಅವಳು ಲಕೋಟೆ ಒಡೆಯುವುದಿಲ್ಲ.